ಬಿ.ವೋಕ್ ಮುಗಿಸಿದ ಹುಡುಗಿಯರೇ, ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಯಾರ ಕೈಗೂ ಕೊಡಬೇಡಿ

ನನ್ನದು ಸಿರುಗುಪ್ಪ ತಾಲ್ಲೂಕಿನ ಒಂದು ಹಳ್ಳಿ. ಬಿ.ವೋಕ್ ಅಂದರೆ ಬ್ಯಾಚುಲರ್ ಆಫ್ ವೊಕೇಷನ್, ಕೆಲಸದ ಕೌಶಲ ಕಲಿಸುವ ಡಿಗ್ರಿ. ಅದನ್ನು ಮುಗಿಸಿ ಒಂದೂವರೆ ವರ್ಷ ಮನೆಯಲ್ಲೇ ಇದ್ದೆ. ಇಂಟರ್‌ವ್ಯೂಗೆ ಹೋದಲ್ಲೆಲ್ಲ ಒಂದೇ ಮಾತು: "ಇದು ಬಿ.ಎ.ನಾ, ಬಿ.ಕಾಂ.ಆ? ಏನಮ್ಮಾ ಇದು?" ಪ್ರತಿ ಸಲ ಬಿಡಿಸಿ ಹೇಳಬೇಕು. ಹೇಳಿ ಹೇಳಿ, ನಾನು ಓದಿದ್ದು ಡಿಗ್ರಿ ಹೌದೋ ಅಲ್ಲವೋ ಅಂತ ನನಗೇ ಅನುಮಾನ ಬಂದಿತ್ತು.

ಆಗ ಸಿಕ್ಕಿದ್ದು ಬಳ್ಳಾರಿಯ ಒಂದು ಜಾಬ್ ಕನ್ಸಲ್ಟೆನ್ಸಿ. ಮಹಡಿ ಮೇಲೆ ಒಂದು ರೂಮು, ಎರಡು ಕಂಪ್ಯೂಟರ್. ಅಲ್ಲಿದ್ದವರು ನನ್ನ ಫೈಲ್ ನೋಡಿ, "ಬಿ.ವೋಕಾ? ಒಳ್ಳೆ ಕೋರ್ಸ್ ಅಲ್ವಾ" ಎಂದರು. ಅಷ್ಟು ದಿನದಲ್ಲಿ ಹಾಗೆ ಹೇಳಿದ್ದು ಅವರೊಬ್ಬರೇ. ನಾನು ಅಲ್ಲೇ ನಂಬಿಬಿಟ್ಟೆ.

ತೋರಣಗಲ್ಲು ಕಡೆ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ, ತಿಂಗಳಿಗೆ 18,000 ಸಂಬಳ ಅಂದರು. ರಿಜಿಸ್ಟ್ರೇಷನ್‌ಗೆ 1,500 ಕಟ್ಟಿದೆ. ಆಮೇಲೆ, "ನಿಮ್ಮ ಡಿಗ್ರಿ ಬಿ.ಎ.ಗೆ ಸಮ ಅಂತ ಸರ್ಟಿಫಿಕೇಟ್ ಮಾಡಿಸಬೇಕು" ಅಂತ 8,500 ಕೇಳಿದರು. ಅವ್ವನ ಗೃಹಲಕ್ಷ್ಮಿ ದುಡ್ಡು ಸ್ವಲ್ಪ ಇತ್ತು. ಉಳಿದದ್ದು ಮೆಣಸಿನಕಾಯಿ ಬಿಡಿಸಿದ ಕೂಲಿ. ಆ ಸೀಸನ್‌ನಲ್ಲಿ ಅವಳು ರಾತ್ರಿ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ಉರಿ ತಡೆಯೋಕಾಗದೆ ಬೆರಳು ಅಗಲಿಸಿಕೊಂಡೇ ಮಲಗುತ್ತಾಳೆ. ಆ ದುಡ್ಡನ್ನೇ ನಾನು ಫೋನ್‌ಪೇ ಮಾಡಿದೆ.

ವೆರಿಫಿಕೇಷನ್‌ಗೆ ಅಂತ ಒರಿಜಿನಲ್ ಮಾರ್ಕ್ಸ್‌ಕಾರ್ಡ್‌ಗಳನ್ನೂ ಇಟ್ಟುಕೊಂಡರು. ವಾಟ್ಸಾಪ್‌ನಲ್ಲಿ ಜಾಯಿನಿಂಗ್ ಲೆಟರ್ ಬಂತು. ಕೆಲಸ ಸಿಕ್ಕವರು ಯುವನಿಧಿ (ಕೆಲಸವಿಲ್ಲದ ಪದವೀಧರರಿಗೆ ಸರ್ಕಾರ ಕೊಡುವ ಭತ್ಯೆ) ತಗೋಬಾರದು ಅಲ್ವಾ, ಕೆಲಸ ಸಿಕ್ಕಿಲ್ಲ ಅಂತ ಸ್ವಯಂ ಘೋಷಣೆ ಸಲ್ಲಿಸುವುದನ್ನೂ ನಿಲ್ಲಿಸಿದೆ. ತಿಂಗಳ 3,000 ಕೂಡ ಹೋಯಿತು.

ಹೇಳಿದ ದಿನ ಹೋದೆ. ಗೇಟಿನ ವಾಚ್‌ಮನ್ ಲೆಟರ್ ನೋಡಿ, "ಇಂಥದ್ದು ಹಿಡ್ಕೊಂಡು ಬಂದವಳು ನೀನೊಬ್ಬಳೇ ಅಲ್ಲಮ್ಮ" ಎಂದು ನೀರು ಕೊಟ್ಟರು. ಬಳ್ಳಾರಿಗೆ ವಾಪಸ್ ಬಂದರೆ ಆ ರೂಮಿಗೆ ಬೀಗ. ಫ್ಲೆಕ್ಸ್ ಕಿತ್ತಿದ್ದರು, ಮೊಳೆಗಳು ಮಾತ್ರ ಗೋಡೆಯಲ್ಲಿದ್ದವು.

ಮರ್ಯಾದೆಗೆ ಅಂಜಿ ಇಪ್ಪತ್ತು ದಿನ ಯಾರಿಗೂ ಹೇಳಲಿಲ್ಲ. ಅದು ಎಲ್ಲಕ್ಕಿಂತ ದೊಡ್ಡ ತಪ್ಪು. ಆನ್‌ಲೈನ್‌ನಲ್ಲಿ ದುಡ್ಡು ಹೋದರೆ ಆಗಿಂದಾಗಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಮಾಡಿದರೆ ಆ ಖಾತೆಯಲ್ಲಿ ಹಣ ತಡೆಹಿಡಿಯೋಕೆ ಆಗುತ್ತದೆ. ನಾನು ಮಾಡುವಷ್ಟರಲ್ಲಿ ಖಾತೆ ಖಾಲಿ.

ಇನ್ನೊಂದು ಮಾತು, ಇದನ್ನು ಯಾರೂ ನಮಗೆ ಹೇಳಲಿಲ್ಲ. ಬಿ.ವೋಕ್ ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಪದವಿ ಪಟ್ಟಿಯಲ್ಲೇ ಇದೆ. "ಯಾವುದೇ ಪದವಿ" ಅಂತ ಕೇಳುವ ಕೆಲಸಕ್ಕೆ ಅದೂ ಪದವಿಯೇ. ನಾನು ದುಡ್ಡು ಕಟ್ಟಿದ ಆ ಸರ್ಟಿಫಿಕೇಟ್ ಬೇಕಾಗಿಯೇ ಇರಲಿಲ್ಲ. ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯಲ್ಲಿ, ಕೇಂದ್ರ ಸರ್ಕಾರದ ನ್ಯಾಷನಲ್ ಕೆರಿಯರ್ ಸರ್ವಿಸ್ ಪೋರ್ಟಲ್‌ನಲ್ಲಿ ನೋಂದಣಿಗೆ ದುಡ್ಡಿಲ್ಲ. ಅಪ್ರೆಂಟಿಸ್ ಆಗಿ, ಅಂದರೆ ಕೆಲಸ ಕಲಿಯೋಕೆ ಹೋದರೆ ಕಂಪನಿಯೇ ನಮಗೆ ಸ್ಟೈಪೆಂಡ್ ಕೊಡಬೇಕು, 1961ರ ಅಪ್ರೆಂಟಿಸ್ ಕಾಯ್ದೆಯಲ್ಲೇ ಹಾಗಿದೆ. ಕೋರ್ಟಿಗೆ ಹೋಗಬೇಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಹೆಣ್ಣುಮಕ್ಕಳಿಗೆ ಉಚಿತವಾಗಿ ವಕೀಲರನ್ನು ಕೊಡುತ್ತದೆ.

ಪೊಲೀಸರಿಗೆ ದೂರು ಕೊಟ್ಟಿದ್ದೇನೆ. ಮಾರ್ಕ್ಸ್‌ಕಾರ್ಡ್‌ಗೆ ಡುಪ್ಲಿಕೇಟ್ ಮಾಡಿಸೋಕೆ ಓಡಾಡುತ್ತಿದ್ದೇನೆ.

ನಿನ್ನೆ ಕೊಪ್ಪಳದ ಗೆಳತಿ ಒಂದು ಮೆಸೇಜ್ ಕಳಿಸಿದಳು. "ಬಿ.ವೋಕ್ ಆದ ಹುಡುಗಿಯರಿಗೆ ಆದ್ಯತೆ." ಕನ್ಸಲ್ಟೆನ್ಸಿ ಹೆಸರು ಬೇರೆ, ಮಾತೆಲ್ಲ ಅದೇ. ಸೋಮವಾರ ಒರಿಜಿನಲ್ ತಗೊಂಡು ಬಾ ಅಂದಿದ್ದಾರಂತೆ. ಹೋಗಬೇಡ ಅಂತ ಅವಳಿಗೆ ಹೇಳಿದ್ದೇನೆ. ಆ ಮೆಸೇಜ್ ಇನ್ನೂ ಎಷ್ಟು ಜನಕ್ಕೆ ಹೋಗಿದೆಯೋ ಗೊತ್ತಿಲ್ಲ.