ಮಡಿಕೇರಿ ಮಳೇಲಿ ಕ್ವೆಸ್ಟ್ 3: ತಗೊಳ್ಳೋ ಮೊದಲು ಕಣ್ಣಿನ ಅಳತೆ ತೆಗೆಸಿ

ಕ್ವೆಸ್ಟ್ 3 ಅಂದ್ರೆ ಮೆಟಾ ಕಂಪನಿಯ ವಿಆರ್ ಹೆಡ್‌ಸೆಟ್, ಕಣ್ಣಿಗೆ ಕಟ್ಕೊಂಡು ಒಳಗಿನ ಪರದೆ ನೋಡೋದು. ಅದರ ಚಿಪ್, ರೆಸಲ್ಯೂಶನ್ ಎಲ್ಲಾ ನೋಡೇ ಇರ್ತೀರ, ಅದು ಬಿಡಿ. ನನಗೆ ಈ ಹೆಡ್‌ಸೆಟ್ಟಲ್ಲಿ ತುಂಬಾ ಹಿಡಿಸಿದ್ದು ಕೆಳಗಡೆ ಇರೋ ಸಣ್ಣ ಚಕ್ರ. ಅದನ್ನ ತಿರುಗಿಸಿದ್ರೆ ಎರಡು ಲೆನ್ಸಿನ ನಡುವಿನ ದೂರ 58ರಿಂದ 71 ಮಿಲಿಮೀಟರ್ ತನಕ ಬದಲಾಗ್ತದೆ, ಎಷ್ಟಕ್ಕೆ ಬಂತು ಅಂತ ಸ್ಕ್ರೀನಲ್ಲೇ ತೋರಿಸ್ತದೆ. ನನ್ನ ಪಾಪೆಗಳ ನಡುವಿನ ದೂರ 66, ಅಮ್ಮಂದು 60. ಈ ದೂರಕ್ಕೆ ಪಿಡಿ ಅಂತಾರೆ, ಕನ್ನಡಕದ ಅಂಗಡೀಲಿ ಕೇಳಿದ್ರೆ ಅಳೆದು ಕೊಡ್ತಾರೆ. ಮೊದಲು ಸ್ನೇಹಿತನ ಹತ್ರ ತಂದಿದ್ದ ಬೇರೆ ಹೆಡ್‌ಸೆಟ್ಟಲ್ಲಿ ಅಳತೆಗೆ ಮೂರೇ ಹಂತ ಇದ್ದಿದ್ದು, ಯಾವುದರಲ್ಲಿ ಇಟ್ರೂ ಹುಬ್ಬಿನ ಮೇಲೆ ನೋವು, ಅಮ್ಮ ಅಂತೂ "ಎಲ್ಲಾ ಎರಡೆರಡು ಕಾಣ್ತದೆ ಮಗಾ, ತೆಗಿ ತೆಗಿ" ಅಂದುಬಿಟ್ರು. ಇದ್ರಲ್ಲಿ ಈಗ ಅವರೇ ಚಕ್ರ ತಿರುಗಿಸ್ಕೊಂಡು ಕೂತು ನೋಡ್ತಾರೆ.

ಇನ್ನೊಂದು, ಪರದೆ ಎಷ್ಟು ದೂರ ಕಂಡ್ರೂ ಕಣ್ಣು ಫೋಕಸ್ ಮಾಡೋದು ಒಂದೇ ದೂರಕ್ಕೆ. ಮೂಗಿನ ಹತ್ರ ಏನಾದ್ರೂ ತಂದ್ರೆ ಕಣ್ಣುಗಳು ಒಳಕ್ಕೆ ತಿರುಗ್ತವೆ, ಫೋಕಸ್ ಮಾತ್ರ ಅಲ್ಲೇ ಇರ್ತದೆ, ಆಯಾಸ ಆಗೋದು ಅದರಿಂದಾನೇ. ನಾನು ಬ್ರೌಸರ್ ಕಿಟಕಿನ ಕೈಗೆ ಸಿಗದಷ್ಟು ದೂರ ತಳ್ಳಿ ಇಡ್ತೇನೆ. ಕಣ್ಣು ಮಿಟುಕಿಸೋದೂ ಕಡಿಮೆ ಆಗ್ತದೆ, ಹಾಗಾಗಿ ಆಗಾಗ ತೆಗೆದು ಹೊರಗೆ ಸಿಲ್ವರ್ ಮರಗಳ ಕಡೆ ನೋಡ್ತಾ ಕೂರೋದು. ಅಕ್ಕನ ಮಗಳಿಗೆ ಏಳು ವರ್ಷ, ಅವಳಿಗೆ ಕೊಟ್ಟಿಲ್ಲ. ಕಂಪನಿನೇ ಹತ್ತು ವರ್ಷ ಆಗಿರ್ಬೇಕು ಅಂತದೆ, ಅವಳು ಎಷ್ಟೇ ಅತ್ರೂ ಕೊಡೋದಿಲ್ಲ.

ಇಷ್ಟೆಲ್ಲಾ ಖುಷಿ ಮಳೆ ಹಿಡಿಯೋ ತನಕ. ಜುಲೈಲಿ ಹಾಕಿದ ತಕ್ಷಣ ಬರೀ ಮಂಜು! ಲೆನ್ಸ್ ತಣ್ಣಗಿರ್ತದೆ, ಮುಖ ಬೆಚ್ಚಗೆ. ಈಗ ಆನ್ ಮಾಡಿ ಮೇಜಿನ ಮೇಲಿಟ್ಟು ನಿಧಾನಕ್ಕೆ ಕಾಫಿ ಕುಡೀತೇನೆ, ಅಷ್ಟೊತ್ತಿಗೆ ಒಳಗಿನ ಬಿಸಿಗೆ ಲೆನ್ಸೂ ಬೆಚ್ಚಗಾಗಿರ್ತದೆ, ಆಮೇಲೆ ಒಣ ಮೈಕ್ರೋಫೈಬರ್ ಬಟ್ಟೇಲಿ ಮೆಲ್ಲಗೆ ಒರೆಸೋದು, ಸ್ಪಿರಿಟ್ ಮುಟ್ಟಿಸಬಾರದು. ಆಡಿ ಆದ ಮೇಲೆ ಮುಖಕ್ಕೆ ತಾಗೋ ಭಾಗ ಬಿಚ್ಚಿ ಒಣಗಿಸಿ, ಗಾಳಿ ಹೋಗದ ಡಬ್ಬಿಯೊಳಗೆ ತೇವ ಹೀರೋ ಸಿಲಿಕಾ ಜೆಲ್ ಜೊತೆ ಇಡ್ತೇನೆ. ಇಲ್ಲಿ ಕ್ಯಾಮೆರಾ ಇರೋರಿಗೆಲ್ಲ ಲೆನ್ಸ್ ಫಂಗಸ್ (ಲೆನ್ಸಿಗೆ ಹಿಡಿಯೋ ಬೂಷ್ಟು) ಏನು ಅಂತ ಗೊತ್ತು.

ಆದ್ರೆ ನಿಜವಾದ ಅಪಾಯ ಮಳೆ ಬಿಟ್ಟ ಮೇಲೆ. ಬಿಸಿಲು ಕಂಡ ಕೂಡ್ಲೇ ನಾವು ಕಂಬಳಿ, ಹಾಸಿಗೆ, ಚಪ್ಪಲಿ ಎಲ್ಲಾ ತಂದು ಕಣದಲ್ಲಿ ಹರಡೋರಲ್ವಾ, ಅಮ್ಮ ಹೆಡ್‌ಸೆಟ್ಟನ್ನೂ ಎತ್ಕೊಂಡು ಹೊರಟಿದ್ರು, ಓಡಿಹೋಗಿ ತಡೆದೆ. ಲೆನ್ಸ್ ಒಳಗೆ ಬಿಸಿಲು ಬಿದ್ರೆ ಭೂತಗನ್ನಡಿ ಹಿಡಿದ ಹಾಗೆ, ಸ್ವಲ್ಪ ಹೊತ್ತಲ್ಲೇ ಒಳಗಿನ ಪರದೆ ಸುಟ್ಟು ಕಲೆ ಬೀಳ್ತದೆ, ಅದು ಮತ್ತೆ ಹೋಗೋದಿಲ್ಲ. ಕಿಟಕಿ ಪಕ್ಕಾನೂ ಇಡ್ಬೇಡಿ.

ದುಡ್ಡಿನ ವಿಷಯ: ಬಿಡುಗಡೆ ಆದಾಗ ಇದು 499 ಡಾಲರ್, ಇದರದ್ದೇ ಅಗ್ಗದ ಮಾಡೆಲ್ ಕ್ವೆಸ್ಟ್ 3ಎಸ್ 299. ಚಿಪ್ ಎರಡರಲ್ಲೂ ಒಂದೇ. ಒಬ್ಬರೇ ಬಳಸೋದು, ಪಿಡಿ 58, 63, 68ರ ಹತ್ತಿರ ಇದೆ ಅಂದ್ರೆ 3ಎಸ್ ತಗೊಳ್ಳಿ, ಅದ್ರಲ್ಲಿರೋದು ಆ ಮೂರೇ ಹಂತ. ಮನೆಮಂದಿಯೆಲ್ಲ ಹಾಕ್ತಾರೆ ಅಂದ್ರೆ ಕ್ವೆಸ್ಟ್ 3ಕ್ಕೇ ದುಡ್ಡು ಕೂಡಿಡಿ. ಕನ್ನಡಕದೋರು ಮುಖಕ್ಕೆ ತಾಗೋ ಭಾಗವನ್ನ ಲೆನ್ಸಿನಿಂದ ದೂರಕ್ಕೆ ಎಳ್ಕೊಂಡೇ ಹಾಕಿ, ಕನ್ನಡಕ ತಾಗಿದ್ರೆ ಲೆನ್ಸಲ್ಲಿ ಗೀರು ಬೀಳ್ತದೆ. ನಾನು ಪವರ್ ಇರೋ ಲೆನ್ಸನ್ನೇ ಒಳಗೆ ಕೂರಿಸ್ಬೇಕು ಅಂತಿದ್ದೇನೆ, ಈ ಸಲ ಕರಿಮೆಣಸು ಮಾರಿದ ಮೇಲೆ.