ಸಿಗಿರಿಯ ಬಂಡೆ, ಮಿನ್ನೇರಿಯ ಕೆರೆ: ಶ್ರೀಲಂಕಾ ಗುಂಪು ಪ್ರವಾಸದ ಒಂದು ದಿನ

ಕಳೆದ ಆಗಸ್ಟ್‌ನಲ್ಲಿ ಮೈಸೂರಿನಿಂದ ಹೊರಟ ಇಪ್ಪತ್ತೆರಡು ಜನರ ತಂಡದೊಂದಿಗೆ ನಾನು ಶ್ರೀಲಂಕಾಕ್ಕೆ ಆರು ದಿನಗಳ ಪ್ರವಾಸಕ್ಕೆ ಹೋಗಿದ್ದೆ. ಬೆಳಗ್ಗೆ ಸಿಗಿರಿಯ ಬಂಡೆಯನ್ನು ಹತ್ತಿ, ಮಧ್ಯಾಹ್ನದ ಮೇಲೆ ಮಿನ್ನೇರಿಯ ರಾಷ್ಟ್ರೀಯ ಉದ್ಯಾನದಲ್ಲಿ ಜೀಪಿನಲ್ಲಿ ಸುತ್ತಿದ ನಾಲ್ಕನೆಯ ದಿನದ ಬಗ್ಗೆ ಮಾತ್ರ ಇಲ್ಲಿ ಬರೆಯುತ್ತಿದ್ದೇನೆ. ಉಳಿದ ದಿನಗಳು ಎಲ್ಲ ಪ್ಯಾಕೇಜುಗಳಲ್ಲೂ ಇರುವಂಥವೇ. ಈ ಒಂದು ದಿನ ಮಾತ್ರ ಕೊಟ್ಟ ಹಣಕ್ಕೂ ಮೀರಿದ ತೃಪ್ತಿಯನ್ನು ಕೊಟ್ಟಿತು; ಅದರ ಬಹುಪಾಲು ಶ್ರೇಯಸ್ಸು ಅಂದು ನಮ್ಮ ಜೊತೆಗಿದ್ದ ಸ್ಥಳೀಯ ಮಾರ್ಗದರ್ಶಿಗೆ ಸಲ್ಲಬೇಕು.

ಹಬರಣದ ಹೋಟೆಲಿನಿಂದ ನಸುಕಿನಲ್ಲೇ ಹೊರಡಬೇಕೆಂದು ಹಟ ಹಿಡಿದವರು ಅವರೇ. ತಿಂಡಿಯನ್ನು ಪೊಟ್ಟಣ ಕಟ್ಟಿಸಿಕೊಂಡು ಹೋದದ್ದು ಕೆಲವರಿಗೆ ಹಿಡಿಸಲಿಲ್ಲವಾದರೂ, ಸುಮಾರು 200 ಮೀಟರ್ ಎತ್ತರದ ಬಂಡೆಯ ಸುಮಾರು 1,200 ಮೆಟ್ಟಿಲುಗಳನ್ನು ಹತ್ತುವಾಗ, ಅದರಲ್ಲೂ ನೆರಳೇ ಇಲ್ಲದ ಕೊನೆಯ ಕಬ್ಬಿಣದ ಮೆಟ್ಟಿಲುಗಳ ಮೇಲೆ ನಿಂತಾಗ, ಆ ಹಟ ಎಷ್ಟು ಸರಿಯಾಗಿತ್ತೆಂದು ಎಲ್ಲರಿಗೂ ತಿಳಿಯಿತು. ನಾವು ಇಳಿಯುವ ಹೊತ್ತಿಗೆ ಕೆಳಗಿನ ಸಾಲು ಅಲುಗಾಡದೆ ನಿಂತಿತ್ತು.

ಬಂಡೆಗೆ ಮುಂಚೆ ಬರುವ ನೀರಿನ ತೋಟಗಳನ್ನು ಹೆಚ್ಚಿನ ಗುಂಪುಗಳು ಬಿರಬಿರನೆ ದಾಟಿಬಿಡುತ್ತವೆ. ನಮ್ಮ ಮಾರ್ಗದರ್ಶಿ ಅಲ್ಲೇ ನಿಲ್ಲಿಸಿ, ಕಾರಂಜಿಯ ಬಾಯಿಗೆ ಹಾಸಿದ ತೂತುಗಳುಳ್ಳ ಕಲ್ಲುಚಪ್ಪಡಿಯನ್ನು ತೋರಿಸಿದರು. ಯಂತ್ರದ ಹಂಗಿಲ್ಲದೆ, ನೀರಿನ ಒತ್ತಡವೊಂದರಿಂದಲೇ ನಡೆಯುವ ಈ ಕಾರಂಜಿಗಳು ಒಳ್ಳೆಯ ಮಳೆಗಾಲದಲ್ಲಿ ಈಗಲೂ ಚಿಮ್ಮುತ್ತವೆ. ಈ ಬಂಡೆಯ ಮೇಲೆ ಅರಮನೆ ಕಟ್ಟಿಸಿದ ಐದನೆಯ ಶತಮಾನದ ರಾಜ ಕಶ್ಯಪನ ಕಥೆಯನ್ನು ಅವರು ಹೇಳಿದ್ದೂ ಅಲ್ಲಿಯೇ. ತಂದೆ ಧಾತುಸೇನನನ್ನು ಸೆರೆಗೆ ತಳ್ಳಿ 477ರಲ್ಲಿ ಪಟ್ಟಕ್ಕೆ ಬಂದ ಕಶ್ಯಪ, ಬಚ್ಚಿಟ್ಟ ಸಂಪತ್ತು ಎಲ್ಲಿದೆಯೆಂದು ಅವನನ್ನು ಪೀಡಿಸಿದನಂತೆ. ಧಾತುಸೇನ ತಾನೇ ಕಟ್ಟಿಸಿದ ಕಲಾವೆವ ಎಂಬ ಕೆರೆಗೆ ಹೋಗಿ, ಮಿಂದು, ಬೊಗಸೆಯಲ್ಲಿ ನೀರೆತ್ತಿ, ತನ್ನ ಐಶ್ವರ್ಯವೆಲ್ಲ ಇಷ್ಟೇ ಎಂದನೆಂದು ಶ್ರೀಲಂಕಾದ ಹಳೆಯ ಇತಿಹಾಸಗ್ರಂಥ ಚೂಳವಂಶ ಹೇಳುತ್ತದೆ. ವೆವ ಎಂದರೆ ಸಿಂಹಳದಲ್ಲಿ ಕೆರೆ. ಕೆರೆ ಕಟ್ಟಿಸಿದವರ ಹೆಸರನ್ನು ಶಾಸನದಲ್ಲಿ ಕೆತ್ತಿಸುತ್ತಿದ್ದ ನಾಡಿನಿಂದ ಹೋದ ನಮಗೆ ಆ ಬೊಗಸೆ ನೀರಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಭಾರತಕ್ಕೆ ಓಡಿಹೋಗಿದ್ದ ತಮ್ಮ ಮೊಗ್ಗಲ್ಲಾನ 495ರಲ್ಲಿ ಸೈನ್ಯದೊಡನೆ ಮರಳಿ ಬಂದಾಗ ಕಶ್ಯಪನ ಆಳ್ವಿಕೆಯೂ ಬಂಡೆಯ ಮೇಲಿನ ಅರಮನೆಯ ವೈಭವವೂ ಮುಗಿದವು.

ಸುರುಳಿ ಮೆಟ್ಟಿಲೇರಿದರೆ ಸಿಗುವ ವರ್ಣಚಿತ್ರಗಳ ಬಳಿ ಫೋಟೋ ತೆಗೆಯುವಂತಿಲ್ಲ. ಅದು ಒಳ್ಳೆಯದೇ, ಎಲ್ಲರೂ ಕಣ್ಣಿನಿಂದಲೇ ನೋಡಿದರು. ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಅದರ ಕೆಳಗಿನ ಕನ್ನಡಿ ಗೋಡೆ. ಇಟ್ಟಿಗೆಯ ಮೇಲೆ ನುಣುಪಾದ ಗಾರೆ ಬಳಿದ ಆ ಗೋಡೆಯನ್ನು ಓರೆಯಾಗಿ ನೋಡಿದರೆ, ಸೂಜಿಯಿಂದ ಗೀರಿದಂತಹ ಸಣ್ಣ ದುಂಡಕ್ಷರಗಳು ಒಂದೊಂದಾಗಿ ಏಳುತ್ತವೆ. ಅರಮನೆ ಹಾಳಾದ ಮೇಲೆ, ಬಹುತೇಕ ಎಂಟರಿಂದ ಹತ್ತನೆಯ ಶತಮಾನದ ನಡುವೆ, ಬಂಡೆ ನೋಡಲು ಬಂದವರು ಗೀಚಿಹೋದ ಪದ್ಯಗಳವು. ಶ್ರೀಲಂಕಾದ ಪುರಾತತ್ವಜ್ಞ ಸೆನರತ್ ಪರಣವಿತಾನ ಅವುಗಳಲ್ಲಿ 685 ಪದ್ಯಗಳನ್ನು ಓದಿ 1956ರಲ್ಲಿ ಪ್ರಕಟಿಸಿದರು. ಇಂಥ ಜಾಗದಲ್ಲಿ ನಮ್ಮ ಪ್ರವಾಸ ವ್ಯವಸ್ಥಾಪಕರು ಗಡಿಯಾರ ತೋರಿಸಿ ಅವಸರ ಮಾಡಿದ್ದು ನನಗೆ ನಿಜವಾಗಿ ನೋವಾಯಿತು. ಸಿಗಿರಿಯಕ್ಕೆ ಎರಡು ಗಂಟೆ ಸಾಲದು; ಮೂರಾದರೂ ಬೇಕು.

ಮೇಲಿನ ಅಂಗಳದಲ್ಲಿ ಸಿಂಹದ್ವಾರದ ಎರಡು ಭಾರೀ ಪಂಜಗಳು ಮಾತ್ರ ಉಳಿದಿವೆ. ಅಲ್ಲಿ ಕಣಜದ ಹುಳುಗಳು ಏಳುವುದುಂಟಾದ್ದರಿಂದ ಸದ್ದು ಮಾಡಬಾರದೆಂಬ ಫಲಕಗಳಿವೆ, ಅವನ್ನು ಪಾಲಿಸಿ. ಮಂಡಿನೋವಿನ ಮೂವರು ಹಿರಿಯರು ಅಲ್ಲೇ ಕುಳಿತರು. ಅವರ ಜೊತೆ ಸಂಸ್ಥೆಯ ಹುಡುಗನೊಬ್ಬ ನೀರು ಹಿಡಿದು ಕೊನೆಯವರೆಗೂ ಇದ್ದ. ಜಾಹೀರಾತಿನಲ್ಲಿ ಕಾಣದ ಈ ಕಾಳಜಿಯನ್ನು ನಾನು ಬಹಳ ಮೆಚ್ಚಿದೆ. ನೆತ್ತಿಯ ಮೇಲೆ ಅರಮನೆಯ ತಳಪಾಯಗಳು, ಬಂಡೆಯಲ್ಲೇ ಕೊರೆದ ಕೊಳ, ಮತ್ತು ನಿಲ್ಲಗೊಡದ ಗಾಳಿ.

ಊಟ ಸಾಧಾರಣವಾಗಿತ್ತು. ಸಸ್ಯಾಹಾರಿಗಳು ಒಂದು ಮಾತು ನೆನಪಿಡಬೇಕು: ನಮ್ಮ ಕಾಯಿ ಚಟ್ನಿಯಂತೆ ಕಾಣುವ ಪೊಲ್ ಸಂಬೋಲ್‌ನಲ್ಲಿ ಒಣಮೀನಿನ ಚೂರು ಬೆರೆಸುವುದು ಅಲ್ಲಿ ವಾಡಿಕೆ, ಕೇಳಿಯೇ ಬಡಿಸಿಕೊಳ್ಳಬೇಕು.

ದಿನದ ದೊಡ್ಡ ದೂರು ಊಟವಾದ ಮೇಲಿನದು. ಜೀಪಿನ ಬಾಡಿಗೆ ಮತ್ತು ಉದ್ಯಾನದ ಪ್ರವೇಶ ಶುಲ್ಕ ಪ್ಯಾಕೇಜಿನಲ್ಲಿ ಸೇರಿಲ್ಲವೆಂದು ನಮಗೆ ತಿಳಿಸಿದ್ದು ಜೀಪು ಹತ್ತುವ ಹೊತ್ತಿನಲ್ಲಷ್ಟೇ. ಮೊತ್ತ ದೊಡ್ಡದಲ್ಲದಿದ್ದರೂ ಮೊದಲೇ ಬರಹದಲ್ಲಿ ತಿಳಿಸಬೇಕಿತ್ತು. ಹೋಗುವವರು ಮುಂಗಡ ಕೊಡುವ ಮೊದಲೇ ಇದನ್ನು ಕೇಳಿಕೊಳ್ಳುವುದು ಕ್ಷೇಮ. ಚಾಲಕರಲ್ಲಿ ಒಬ್ಬರು ಆನೆಗಳ ಹಿಂಡಿನ ತೀರ ಹತ್ತಿರಕ್ಕೆ ಜೀಪನ್ನು ನುಗ್ಗಿಸಿದ್ದೂ ಸರಿಯಲ್ಲ. ನಮ್ಮ ಮಾರ್ಗದರ್ಶಿ ಗಟ್ಟಿಯಾಗಿ ಗದರಿ ಜೀಪನ್ನು ಹಿಂದಕ್ಕೆ ತೆಗೆಸಿದರು, ಎಂಜಿನ್ ಆರಿಸಿದರು.

ಆಮೇಲೆ ಅವರು ಬೆಳಗಿನ ಕಥೆಯನ್ನು ಮುಂದುವರಿಸಿದರು. ಮಿನ್ನೇರಿಯವೂ ಕಟ್ಟಿದ ಕೆರೆಯೇ. ಕಶ್ಯಪನಿಗಿಂತ ಸುಮಾರು ಇನ್ನೂರು ವರ್ಷ ಹಿಂದೆ ಮಹಾಸೇನ ರಾಜ ಕಟ್ಟಿಸಿದ್ದು. ಒಣಹವೆಯ ತಿಂಗಳುಗಳಲ್ಲಿ ನೀರು ಹಿಂದಕ್ಕೆ ಸರಿದಂತೆ ಕೆರೆಯಂಗಳದಲ್ಲಿ ಎಳೆಹುಲ್ಲು ಚಿಗುರುತ್ತದೆ. ಬೇಸಿಗೆಯಲ್ಲಿ ನಮ್ಮ ಕಬಿನಿ ಹಿನ್ನೀರಿಗೆ ಬರುವಂತೆಯೇ, ಆ ಹುಲ್ಲಿಗಾಗಿ ಸುತ್ತಲ ಕಾಡುಗಳಿಂದ ಆನೆಗಳು ಬರುತ್ತವೆ. ಎಂಜಿನ್ ನಿಂತ ಮೇಲೆ ನಮ್ಮೆದುರಿನ ಹೆಣ್ಣಾನೆ ಮುಂಗಾಲಿನ ಉಗುರಿನಿಂದ ಹುಲ್ಲಿನ ಬುಡವನ್ನು ಮೆಲ್ಲಗೆ ಒದ್ದು ಸಡಿಲಿಸಿ, ಸೊಂಡಿಲಲ್ಲಿ ಕಿತ್ತು, ಬೇರಿನ ಮಣ್ಣು ಉದುರುವವರೆಗೂ ಕಾಲಿಗೆ ಬಡಿದು ಬಾಯಿಗಿಡುತ್ತಿತ್ತು. ಅದರ ಹೊಟ್ಟೆಯ ಕೆಳಗೆ ನಿಂತ ಮರಿ ಅದನ್ನೇ ಮಾಡಲು ನೋಡಿ, ಬರೀ ಮಣ್ಣನ್ನೆತ್ತಿ ತಲೆಯ ಮೇಲೆ ಸುರಿದುಕೊಂಡಿತು. ಜೀಪಿನಲ್ಲಿದ್ದ ಆರು ಮಂದಿಯಲ್ಲಿ ಯಾರೂ ಬಹಳ ಹೊತ್ತು ಮಾತಾಡಲಿಲ್ಲ.