ಮನೆಯಲ್ಲೇ ಡೇಕೇರ್: ಜಾಗಕ್ಕೆ ಒಂದು ಲೆಕ್ಕ, ಊಟಕ್ಕೆ ಇನ್ನೊಂದು

ಕ್ಯಾಲಿಫೋರ್ನಿಯಾದಲ್ಲಿ ಬಾಡಿಗೆ ಮನೆಯಲ್ಲಿ ಮಕ್ಕಳ ಡೇಕೇರ್ ನಡೆಸುತ್ತಿದ್ದೇನೆ. ನಮ್ಮಂಥವರಿಗೆ ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್ ಎರಡು ಕಡೆ ಆಯ್ಕೆ ಕೊಡುತ್ತದೆ. ಮನೆಯ ಖರ್ಚನ್ನು ಆದಾಯದಿಂದ ಕಳೆಯಲು ಸರಳ ವಿಧಾನ ಒಂದು, ನಿಜ ಖರ್ಚಿನ ವಿಧಾನ ಇನ್ನೊಂದು. ಊಟದ ಖರ್ಚನ್ನು ಕಳೆಯಲು ಸರ್ಕಾರ ಗೊತ್ತುಮಾಡಿದ ದರ ಒಂದು, ಅಂಗಡಿಯ ರಸೀದಿ ಇನ್ನೊಂದು. ನಾಲ್ಕನ್ನೂ ಬೇರೆ ಬೇರೆ ವರ್ಷಗಳಲ್ಲಿ ಬಳಸಿ ನೋಡಿದ್ದೇನೆ. ಹೊಸದಾಗಿ ಶುರುಮಾಡುವ ಕನ್ನಡದ ಹೆಣ್ಣುಮಕ್ಕಳು "ಯಾವುದು ಸುಲಭ?" ಎಂದು ಕೇಳುತ್ತಾರೆ. ಮನೆಯ ವಿಷಯದಲ್ಲಿ ಕಷ್ಟದ ದಾರಿಯನ್ನೇ ಹಿಡಿಯಿರಿ, ಊಟದ ವಿಷಯದಲ್ಲಿ ಸುಲಭದ್ದನ್ನು ಹಿಡಿಯಿರಿ ಎಂಬುದು ನನ್ನ ಉತ್ತರ.

ಮೊದಲು ಮನೆ. ಸರಳ ವಿಧಾನದಲ್ಲಿ ಕೆಲಸಕ್ಕೆ ಬಳಸುವ ಜಾಗಕ್ಕೆ ಚದರ ಅಡಿಗೆ 5 ಡಾಲರ್, ಹೆಚ್ಚೆಂದರೆ 300 ಚದರ ಅಡಿ. ಅಂದರೆ 1,500 ಡಾಲರ್ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಡೇಕೇರ್‌ಗೆ ಅಷ್ಟೂ ಸಿಗುವುದಿಲ್ಲ. ಮಕ್ಕಳು ಆಡುವ ಹಾಲ್‌ನಲ್ಲೇ ಸಂಜೆ ನಮ್ಮ ಸಂಸಾರವೂ ಕೂರುವುದರಿಂದ, ವರ್ಷದ ಒಟ್ಟು ಗಂಟೆಗಳಲ್ಲಿ ಡೇಕೇರ್‌ಗೆ ಎಷ್ಟು ಹೋಯಿತೋ ಅಷ್ಟು ಪಾಲು ಮಾತ್ರ.

ನನ್ನ ಮನೆಗೆ ಹತ್ತಿರವಾದ ದುಂಡು ಅಂಕಿಗಳಲ್ಲಿ ಹೇಳುತ್ತೇನೆ. ಮಕ್ಕಳು ಬಂದು ಹೋಗುವುದಕ್ಕೆ ದಿನಕ್ಕೆ 11 ಗಂಟೆ. ಅಡುಗೆ, ಆಟಿಕೆ ತೊಳೆಯುವುದು, ನೆಲ ಒರೆಸುವುದು, ತಂದೆತಾಯಿಯರಿಗೆ ಸಂದೇಶ ಬರೆಯುವುದು ಇವಕ್ಕೆ ಇನ್ನೆರಡು ಗಂಟೆ. ಮಕ್ಕಳು ಇಲ್ಲದಾಗ ಡೇಕೇರ್‌ಗಾಗಿ ದುಡಿದ ಈ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ, ಬಿಡಬಾರದು. ದಿನಕ್ಕೆ 13 ಗಂಟೆಯಂತೆ 250 ದಿನಕ್ಕೆ 3,250 ಗಂಟೆ. ವರ್ಷದ 8,760 ಗಂಟೆಗಳಲ್ಲಿ ಇದು ಶೇ. 37. ಸರಳ ವಿಧಾನದ 1,500 ಡಾಲರ್ ಈ ಪಾಲಿನಲ್ಲಿ ಸುಮಾರು 556 ಡಾಲರ್‌ಗೆ ಇಳಿಯುತ್ತದೆ.

ಇನ್ನು ನಿಜ ಖರ್ಚಿನ ವಿಧಾನ, ಫಾರ್ಮ್ 8829. ಇದರಲ್ಲಿ 300 ಚದರ ಅಡಿಯ ಮಿತಿ ಇಲ್ಲ. 2,000 ಚದರ ಅಡಿಯ ಮನೆಯಲ್ಲಿ ಹಾಲ್, ಅಡುಗೆಮನೆ, ಬಚ್ಚಲು, ಮಕ್ಕಳು ಮಲಗುವ ಕೋಣೆ, ಅವರ ಸಾಮಾನು ಇಟ್ಟ ಗ್ಯಾರೇಜಿನ ಭಾಗ ಎಲ್ಲ ಸೇರಿ 1,400 ಚದರ ಅಡಿ ದಿನವೂ ಬಳಕೆಯಲ್ಲಿದ್ದರೆ ಜಾಗದ ಪಾಲು ಶೇ. 70. ಅದನ್ನು ಸಮಯದ ಶೇ. 37ರಿಂದ ಗುಣಿಸಿದರೆ ಸುಮಾರು ಶೇ. 26. ಬಾಡಿಗೆ ತಿಂಗಳಿಗೆ 3,600 ಡಾಲರ್, ಅದರ ಮೇಲೆ ಕರೆಂಟು, ಗ್ಯಾಸ್, ನೀರು, ಕಸ, ವಿಮೆ ಎಂದು ವರ್ಷಕ್ಕೆ ಒಟ್ಟು 49,000 ಡಾಲರ್ ಎಂದಿಟ್ಟುಕೊಳ್ಳಿ. ಕಡಿತ ಸುಮಾರು 12,700 ಡಾಲರ್. ಅದೇ ಮನೆ, ಅದೇ ಮಕ್ಕಳು, ಅದೇ ಗಂಟೆಗಳು: ಒಂದರಲ್ಲಿ 556, ಇನ್ನೊಂದರಲ್ಲಿ 12,700.

ಸ್ವಂತ ದುಡಿಮೆಯವರು ಆದಾಯ ತೆರಿಗೆಯ ಜೊತೆಗೆ ಸೋಷಿಯಲ್ ಸೆಕ್ಯುರಿಟಿ (ಸರ್ಕಾರಿ ಪಿಂಚಣಿ) ಮತ್ತು ಮೆಡಿಕೇರ್ (ಹಿರಿಯರ ಆರೋಗ್ಯ ವಿಮೆ) ಸೇರಿ ಶೇ. 15.3ರ ತೆರಿಗೆಯನ್ನೂ ಕಟ್ಟಬೇಕು. ಕಡಿತದಲ್ಲಿ ಇಷ್ಟು ವ್ಯತ್ಯಾಸವಾದರೆ ಆ ಒಂದು ತೆರಿಗೆಯಲ್ಲೇ ಸುಮಾರು 1,700 ಡಾಲರ್ ಉಳಿಯುತ್ತದೆ. ಆದಾಯ ತೆರಿಗೆಯ ಉಳಿತಾಯ ಬೇರೆ. ಈ ಕಡಿತವನ್ನು ತೋರಿಸಿ ನಷ್ಟ ಮಾಡಿಕೊಳ್ಳಲು ಬಿಡುವುದಿಲ್ಲ, ನಿಜ. ಆದರೆ ಮೊದಲ ವರ್ಷ ಗಳಿಕೆ ಕಡಿಮೆಯಿದ್ದು ಕಡಿತ ಮಿಕ್ಕರೆ ಅದು ಮುಂದಿನ ವರ್ಷಕ್ಕೆ ಹೋಗುತ್ತದೆ. ಸರಳ ವಿಧಾನದಲ್ಲಿ ಮಿಕ್ಕದ್ದು ಅಲ್ಲಿಗೇ ಮುಗಿಯಿತು. ಯಾವ ವಿಧಾನ ಎಂದು ವರ್ಷವರ್ಷವೂ ಬದಲಿಸಿಕೊಳ್ಳಬಹುದು. ನಾನು ಶುರುಮಾಡಿದ್ದು ವರ್ಷದ ಕೊನೆಯ ಭಾಗದಲ್ಲಾದ್ದರಿಂದ ಆ ಸಲ ಸರಳ ವಿಧಾನದಲ್ಲೇ ರಿಟರ್ನ್ ಸಲ್ಲಿಸಿದೆ. ಮರುವರ್ಷದಿಂದ 8829 ಬಿಟ್ಟಿಲ್ಲ.

ಒಂದು ಕೋಣೆಯನ್ನು ಪೂರ್ತಿಯಾಗಿ ಮಕ್ಕಳಿಗೇ ಬಿಡಲು ಸಾಧ್ಯವಾದರೆ ಇನ್ನೂ ಲಾಭ. ಆ ಕೋಣೆಗೆ ಸಮಯದ ಪಾಲು ಅನ್ವಯಿಸುವುದಿಲ್ಲ. ಮೇಲಿನ ಲೆಕ್ಕದಲ್ಲೇ 200 ಚದರ ಅಡಿಯ ಒಂದು ಕೋಣೆ ಬರೀ ಡೇಕೇರ್‌ಗೆ ಮೀಸಲಾದರೆ ಶೇ. 26 ಇದ್ದದ್ದು ಶೇ. 32 ಆಗುತ್ತದೆ. ಆದರೆ ಮೀಸಲು ಎಂದರೆ ಮೀಸಲು. ಊರಿನಿಂದ ಅತ್ತೆ ಮಾವ ಬಂದಾಗ ಅಲ್ಲಿ ಮಂಚ ಹಾಕಿದರೆ ಆಗದು. ನಮ್ಮ ಮನೆಗಳಲ್ಲಿ ವರ್ಷಕ್ಕೆ ಒಂದು ಸಲವಾದರೂ ಹಿರಿಯರು ಬಂದು ತಿಂಗಳುಗಟ್ಟಲೆ ಇರುತ್ತಾರೆ. ಅವರಿಗಿಂತ ಆ ಶೇ. 6 ದೊಡ್ಡದಲ್ಲವೆಂದು ನಾನು ಕೋಣೆ ಮೀಸಲಿಟ್ಟಿಲ್ಲ.

ಸ್ವಂತ ಮನೆಯವರು ಒಂದು ವಿಷಯ ತಿಳಿದಿರಬೇಕು. ನಿಜ ಖರ್ಚಿನ ವಿಧಾನದಲ್ಲಿ ಕಟ್ಟಡದ ಸವಕಳಿಯೂ, ಅಂದರೆ ಕಟ್ಟಡ ಹಳತಾದಂತೆ ಅದರ ಬೆಲೆಯಲ್ಲಿ ವರ್ಷವರ್ಷ ಕಳೆಯುವ ಪಾಲೂ, ಸೇರುತ್ತದೆ. ಮುಂದೆ ಮನೆಯನ್ನು ಲಾಭಕ್ಕೆ ಮಾರಿದಾಗ ಆ ಸವಕಳಿಯ ಮಟ್ಟಿಗಿನ ಲಾಭಕ್ಕೆ ಶೇ. 25ರವರೆಗೆ ತೆರಿಗೆ ಬೀಳಬಹುದು. ಇದಕ್ಕೆ ಹೆದರಿ ಕೆಲವರು 8829 ತುಂಬುತ್ತಾರೆ, ಸವಕಳಿ ಮಾತ್ರ ಬಿಡುತ್ತಾರೆ. ಅದರಿಂದ ಪ್ರಯೋಜನವಿಲ್ಲ: ಸಿಗಬೇಕಾಗಿದ್ದ ಸವಕಳಿಯನ್ನು ನೀವು ತೆಗೆದುಕೊಳ್ಳದಿದ್ದರೂ ಇಲಾಖೆ ತೆಗೆದುಕೊಂಡಂತೆಯೇ ಎಣಿಸುತ್ತದೆ. ಸರಳ ವಿಧಾನ ಬಳಸಿದ ವರ್ಷಗಳಿಗೆ ಸವಕಳಿಯ ಮಾತೇ ಬರುವುದಿಲ್ಲ. ಆ ವಿಧಾನದ ಪರವಾಗಿ ನನಗೆ ಕಾಣುವ ಗಟ್ಟಿ ಕಾರಣ ಇದೊಂದೇ.

ಈಗ ಊಟ. ಒಂದು ವರ್ಷ ರಸೀದಿಗಳನ್ನೆಲ್ಲ ಕೂಡಿಟ್ಟೆ. ಅಕ್ಕಿ ಮೂಟೆ ಒಂದೇ, ಎಣ್ಣೆ ಡಬ್ಬ ಒಂದೇ, ಹೆಪ್ಪು ಹಾಕುವ ಹಾಲೂ ಒಂದೇ. ಡೇಕೇರ್ ಮಕ್ಕಳು ತಿಂದದ್ದೆಷ್ಟು, ಮನೆಯವರು ತಿಂದದ್ದೆಷ್ಟು ಎಂದು ಪ್ರಾಮಾಣಿಕವಾಗಿ ಬಿಡಿಸುವುದೇ ಒಂದು ದುಡಿಮೆ. ಸ್ವಂತ ಮಕ್ಕಳ ಊಟವನ್ನು ಕಳೆಯುವಂತಿಲ್ಲ.

ನಿಗದಿತ ದರದಲ್ಲಿ ಈ ತಾಪತ್ರಯವಿಲ್ಲ. ಪ್ರತಿ ಮಗುವಿಗೆ ದಿನಕ್ಕೆ ಒಂದು ಬೆಳಗಿನ ತಿಂಡಿ, ಒಂದು ಮಧ್ಯಾಹ್ನದ ಊಟ, ಒಂದು ರಾತ್ರಿಯ ಊಟ, ಮೂರು ಸಣ್ಣ ತಿನಿಸು, ಇಷ್ಟರವರೆಗೆ ಕಳೆಯಬಹುದು. 2024ರ ದರ ತಿಂಡಿಗೆ 1.65, ಊಟಕ್ಕೆ 3.12, ತಿನಿಸಿಗೆ 0.93 ಡಾಲರ್. ಒಂದು ತಿಂಡಿ, ಒಂದು ಊಟ, ಎರಡು ತಿನಿಸಿಗೆ ದಿನಕ್ಕೆ 6.63. ಆರು ಮಕ್ಕಳು 250 ದಿನ ತಪ್ಪದೆ ಬಂದರೆ 9,945 ಡಾಲರ್. ನಮ್ಮಲ್ಲಿ ಬೇಯುವುದು ಅನ್ನ, ತೊವ್ವೆ, ಚಪಾತಿ, ಇಡ್ಲಿ. ಜೊತೆಗೆ ಮೊಸರು, ಬಾಳೆಹಣ್ಣು. ರಸೀದಿಯ ವರ್ಷ ನನ್ನ ನಿಜ ಖರ್ಚು ಇದರ ಹತ್ತಿರಕ್ಕೂ ಬರಲಿಲ್ಲ. ಸಿದ್ಧ ಆಹಾರವನ್ನು ಹೊರಗಿನಿಂದ ತರಿಸುವವರಿಗೆ ರಸೀದಿಯೇ ಲಾಭವಾಗಬಹುದು. ಕೈಯಾರೆ ಬೇಯಿಸಿ ಬಡಿಸುವವರಿಗೆ ನಿಗದಿತ ದರವೇ ಸರಿ. ಆ ವರ್ಷವೆಲ್ಲ ಒಂದೇ ವಿಧಾನವಿರಬೇಕು. ರಸೀದಿ ಬೇಡ, ಆದರೆ ಮಗುವಿನ ಹೆಸರು, ಬಂದ ದಿನ ಮತ್ತು ಹೊತ್ತು, ಯಾವ ಯಾವ ಊಟ ಕೊಟ್ಟಿರಿ ಎಂಬುದನ್ನು ಅಂದಂದೇ ಬರೆದಿಡಬೇಕು. ನಾನು ಹಾಜರಿ ಪುಸ್ತಕದಲ್ಲೇ ಊಟಕ್ಕೊಂದು ಅಂಕಣ ಎಳೆದಿದ್ದೇನೆ. ಸಮಯದ ಪಾಲಿಗೂ ಅದೇ ಪುಸ್ತಕ ಆಧಾರ.

ಊಟಕ್ಕೆ ಸರ್ಕಾರವೇ ಹಣ ಮರಳಿಸುವ ಫುಡ್ ಪ್ರೋಗ್ರಾಮ್‌ಗೂ ಸೇರಿಕೊಳ್ಳಿ. ಸ್ಥಿತಿವಂತರ ಬಡಾವಣೆಗಳಲ್ಲಿ ಸಾಮಾನ್ಯವಾಗಿ ಎರಡನೇ ಹಂತದ, ಕಡಿಮೆ ದರ ಸಿಗುತ್ತದೆ. ಆದರೆ ತೆರಿಗೆಯಲ್ಲಿ ಕಳೆಯುವಾಗ ಎಲ್ಲರಿಗೂ ಮೊದಲ ಹಂತದ ದರವೇ. ಮರಳಿ ಬಂದ ಹಣವನ್ನು ಆದಾಯದಲ್ಲಿ ತೋರಿಸಿ, ಕಡಿತವನ್ನು ಪೂರ್ತಿ ತೆಗೆದುಕೊಳ್ಳಿ. ಬೇಳೆಕಾಳು, ಮೊಸರು ಮಾಂಸದ ಬದಲಿಗೆ ಸಲ್ಲುವುದರಿಂದ ಸಸ್ಯಾಹಾರಿ ಅಡುಗೆಮನೆಗೂ ಇದರಲ್ಲಿ ಜಾಗವಿದೆ.

ಇವೆಲ್ಲಕ್ಕೂ ಮೊದಲು ಪರವಾನಗಿ. ಹಾಲ್‌ನಲ್ಲಿ ಸಂಸಾರವೂ ಡೇಕೇರೂ ಒಟ್ಟಿಗೆ ಇದ್ದರೂ ಕಡಿತ ಸಿಗುವುದು ಪರವಾನಗಿ ಪಡೆದವರಿಗೆ, ಅರ್ಜಿ ಹಾಕಿ ಅದು ತಿರಸ್ಕೃತವಾಗದವರಿಗೆ, ಅಥವಾ ರಾಜ್ಯದ ಕಾನೂನೇ ವಿನಾಯಿತಿ ಕೊಟ್ಟವರಿಗೆ ಮಾತ್ರ. ಪರವಾನಗಿಗಾಗಿ ಮಾಡಿದ ತರಬೇತಿ, ಬೆರಳಚ್ಚು ಮುಂತಾದ ಆರಂಭದ ಖರ್ಚಿನಲ್ಲಿ 5,000 ಡಾಲರ್‌ವರೆಗೆ ಮೊದಲ ವರ್ಷವೇ ಕಳೆಯಬಹುದು; ಉಳಿದದ್ದನ್ನು 180 ತಿಂಗಳಿಗೆ ಹಂಚಬೇಕು. ಕ್ಯಾಲಿಫೋರ್ನಿಯಾದಲ್ಲಿ 2020ರಿಂದ ಜಾರಿಯಲ್ಲಿರುವ ಕಾನೂನಿನಂತೆ ಮನೆಯ ಡೇಕೇರ್ ಮೇಲೆ ನಗರಾಡಳಿತ ವ್ಯಾಪಾರದ ಪರವಾನಗಿ ಶುಲ್ಕವನ್ನಾಗಲಿ ತೆರಿಗೆಯನ್ನಾಗಲಿ ಹಾಕುವಂತಿಲ್ಲ. ಬಾಡಿಗೆದಾರರು ಮನೆಯ ಮಾಲೀಕರಿಗೆ 30 ದಿನ ಮುಂಚೆ ಲಿಖಿತವಾಗಿ ತಿಳಿಸಬೇಕು; ಡೇಕೇರ್ ಬೇಡವೆಂದು ಅವರು ತಡೆಯುವಂತಿಲ್ಲ.

ಎಚ್-1ಬಿ ನೌಕರರ ಸಂಗಾತಿಗೆ ಸಿಗುವ ಎಚ್-4 ವೀಸಾದಲ್ಲಿರುವವರು ಕೆಲಸದ ಅನುಮತಿಪತ್ರ ಕೈಗೆ ಬರುವವರೆಗೆ ಒಂದು ಮಗುವನ್ನೂ ಹಣಕ್ಕೆ ನೋಡಿಕೊಳ್ಳಬೇಡಿ. ಅನುಮತಿ ಬಂದ ಮೇಲೆ ಐಆರ್‌ಎಸ್‌ನಿಂದ ಉಚಿತವಾಗಿ ಸಿಗುವ ಉದ್ಯಮದ ಗುರುತಿನ ಸಂಖ್ಯೆ ಪಡೆಯಿರಿ. ತಮ್ಮ ತೆರಿಗೆ ರಿಯಾಯಿತಿಗಾಗಿ ಪ್ರತಿ ಮಗುವಿನ ತಂದೆತಾಯಿಯೂ ನಿಮ್ಮ ಸಂಖ್ಯೆ ಕೇಳುತ್ತಾರೆ. ಆಗ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯ ಬದಲು ಇದನ್ನು ಬರೆದುಕೊಡಬಹುದು.